ನೋ ಇಶ್ಯೂ

ವಾರಪತ್ರಿಕೆಯ ಕಚೇರಿಯಲ್ಲಿ ಅವಳನ್ನು ಎಲ್ಲರೂ ಪ್ರೂಫಕ್ಕ ಎಂದೇ ಕರೆಯುತ್ತಿದ್ದರು. ಅಚ್ಚಿಗೆ ಹೋಗುವ ಪ್ರತಿ ಪುಟವೂ ಅವಳ ಕೆಂಪು ಪೆನ್ನನ್ನು ದಾಟಿಯೇ ಹೋಗಬೇಕಿತ್ತು. ಒಂದು ಒತ್ತಕ್ಷರ ತಪ್ಪಿದರೂ, ಒಂದು ದೀರ್ಘ ಬಿಟ್ಟುಹೋದರೂ ಅವಳಿಗೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗಾಗುತ್ತಿತ್ತು.

ಆ ಕಚೇರಿಯಲ್ಲಿ ಬೆಳಗಾದರೆ ಕಿವಿಗೆ ಬೀಳುತ್ತಿದ್ದ ಮಾತು ‘ಇಶ್ಯೂ’. ಸಂಪಾದಕರಿಗೆ ಇಶ್ಯೂ ಎಂದರೆ ಆ ವಾರದ ಸಂಚಿಕೆ. ಅದು ತಡವಾಯಿತೆಂದರೆ ಅವರ ಪಿತ್ತ ನೆತ್ತಿಗೇರುತ್ತಿತ್ತು. ವರದಿಗಾರರಿಗೆ ಇಶ್ಯೂ ಎಂದರೆ ವಿವಾದ. ಒಂದಾದರೂ ಸಿಗದ ದಿನ ಅವರಿಗೆ ಊಟ ಸೇರುತ್ತಿರಲಿಲ್ಲ. ಪುಟ ಕಟ್ಟುವವನಿಗೆ ಅದು ತೊಂದರೆ. ಏನು ತಿದ್ದಲು ಹೇಳಿದರೂ ಅವನದು “ನೋ ಇಶ್ಯೂ ಅಕ್ಕಾ” ಎಂಬ ಒಂದೇ ಉತ್ತರ.

“ಒಂದೇ ಪದ, ಎಷ್ಟು ಮನೆಗೆ ಸೊಸೆಯಪ್ಪಾ ಇದು!” ಎಂದು ಪ್ರೂಫಕ್ಕ ನಗುತ್ತಿದ್ದಳು.

ಆ ಪದದ ಇನ್ನೊಂದು ಅರ್ಥ ಅವಳಿಗೆ ತಿಳಿದದ್ದು ಕೋರ್ಟಿನಲ್ಲಿ. ಇದ್ದೊಬ್ಬ ಮಗಳು ಜ್ವರದಲ್ಲಿ ತೀರಿಕೊಂಡ ಮೇಲೆ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಾರದೆ ಹೋದರು. ಹೊಡೆದಾಟವಿಲ್ಲ, ಬೈದಾಟವಿಲ್ಲ, ಮಗುವಿನ ಹಿಂದೆಯೇ ಮನೆಯ ಮಾತೂ ಹೊರಟುಹೋಗಿತ್ತು. ಕೊನೆಗೆ ಗಂಡನೇ ವಿಚ್ಛೇದನಕ್ಕೆ ಅರ್ಜಿ ಹಾಕಿದ. ನ್ಯಾಯಾಧೀಶರು ಕಾಗದದಿಂದ ತಲೆಯೆತ್ತದೆ “ಇಶ್ಯೂ?” ಎಂದು ಕೇಳಿದರು. ಅವಳ ವಕೀಲೆ, “ಒಂದು. ಈಗಿಲ್ಲ” ಎಂದಳು. ಇಶ್ಯೂ ಎಂದರೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು ಎಂದು ಹೊರಗೆ ಬಂದ ಮೇಲೆ ವಕೀಲೆಯೇ ಬಿಡಿಸಿ ಹೇಳಿದಳು. ಮುಂದಿನ ಸಲ ವಕೀಲೆ “ಇವತ್ತು ಇಶ್ಯೂ ಫ್ರೇಮ್ ಮಾಡ್ತಾರೆ” ಎಂದಾಗ ಪ್ರೂಫಕ್ಕ ಅವಳ ಮುಖವನ್ನೇ ನೋಡಿದಳು. ಮಗುವಿನ ಫೋಟೋಗೆ ಕಟ್ಟು ಹಾಕಿಸುವ ಮಾತೇನೋ ಅಂದುಕೊಂಡಳು. ತೀರ್ಮಾನವಾಗಬೇಕಾದ ಪ್ರಶ್ನೆಗಳನ್ನು ಬರೆದಿಡುವುದಕ್ಕೆ ಹಾಗನ್ನುತ್ತಾರೆಂದು ತಿಳಿದಾಗ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ವಿಚ್ಛೇದನವಾದ ಮೇಲೆ ಅವಳು ಅಣ್ಣನ ಮನೆ ಸೇರಿದಳು. ಅಣ್ಣನದು ಸೈಕಲ್ ರಿಪೇರಿ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಅತ್ತಿಗೆ ಒಳ್ಳೆಯವಳು, ಎಳ್ಳಷ್ಟೂ ಹಂಗಿನ ಮಾತಾಡಿದವಳಲ್ಲ. ಆದರೆ ಆ ಮನೆಯಲ್ಲಿ ಮಗುವಿನ ಸುದ್ದಿ ಯಾರೂ ಎತ್ತುತ್ತಿರಲಿಲ್ಲ. ಅಣ್ಣನಂತೂ ಟೀವಿಯಲ್ಲಿ ಪುಟ್ಟ ಮಗು ಕಂಡರೂ ಎದ್ದು ಅಂಗಡಿಗೆ ನಡೆಯುತ್ತಿದ್ದ. ಇವನಿಗೆ ಮರೆತೇಹೋಗಿದೆ ಎಂದು ಪ್ರೂಫಕ್ಕ ಒಳಗೊಳಗೇ ನೊಂದುಕೊಂಡಿದ್ದಳು.

“ಎಷ್ಟು ದಿನ ಅಂತ ಒಂಟಿಯಾಗಿರ್ತೀಯ? ಎಲ್ಲಾದ್ರೂ ಗಂಡು ನೋಡ್ಲಾ?” ಎಂದು ಅವನು ಒಮ್ಮೆ ಕೇಳಿದಾಗ, “ನಿನ್ನಿಷ್ಟ ಅಣ್ಣ” ಎಂದಿದ್ದಳು. ಅವನು ತನ್ನ ಕಚೇರಿಯ ಪತ್ರಿಕೆಗೇ ಬಂದು ಜಾಹೀರಾತು ಕೊಟ್ಟಿದ್ದಾನೆಂದು ಅವಳಿಗೆ ತಿಳಿದದ್ದು ವರ್ಗೀಕೃತ ಜಾಹೀರಾತಿನ ಪುಟ ತಿದ್ದಲು ಕೂತಾಗ. ಮಾರಾಟಕ್ಕಿದ್ದ ಹೊಲಿಗೆ ಯಂತ್ರಕ್ಕೂ ಬಾಡಿಗೆಗಿದ್ದ ಕೋಣೆಗೂ ನಡುವೆ ಮೂರು ಸಾಲು: “ಉದ್ಯೋಗಸ್ಥ ವಿಚ್ಛೇದಿತೆಗೆ ಬಾಳಸಂಗಾತಿ ಬೇಕಾಗಿದೆ. ನೋ ಇಶ್ಯೂ.” ಕೆಳಗೆ ಅಂಗಡಿಯ ಫೋನ್ ನಂಬರು.

ಇಂಗ್ಲಿಷ್ ಪದ ಬಂದರೆ ಹೊಡೆದುಹಾಕಿ ನಮ್ಮ ಪದ ಬರೆಯಬೇಕೆಂಬುದು ಆ ಪತ್ರಿಕೆಯ ಪದ್ಧತಿ. ಅವಳು ಆ ಎರಡು ಪದಗಳ ಮೇಲೆ ಗೆರೆ ಎಳೆದಳು. ‘ಮಕ್ಕಳಿಲ್ಲ’ ಎಂದು ಬರೆದು ಹೊಡೆದಳು. ‘ತೊಂದರೆಯಿಲ್ಲ’ ಎಂದು ಬರೆಯಲು ಕೈಯೇ ಬರಲಿಲ್ಲ. ಪುಟ ಕಟ್ಟುವವನು ಬಾಗಿಲಿಗೆ ಬಂದು, “ಅಕ್ಕಾ, ಆ ಪುಟ ಒಂದೇ ಬಾಕಿ” ಎಂದ. ಅವಳು ಪಕ್ಕದ ಅಂಚಿನಲ್ಲಿ ‘ಒಬ್ಬ ಮಗಳಿದ್ದಳು’ ಎಂದು ಬರೆದುಕೊಟ್ಟಳು.

ಪತ್ರಿಕೆ ಬಂದ ದಿನ ಅಣ್ಣ ಅದನ್ನು ಸುರುಳಿ ಸುತ್ತಿ ಹಿಡಿದುಕೊಂಡೇ ಒಳಗೆ ಬಂದ.

“ಇದು ನಿನ್ನ ಕೆಲಸಾನಾ?”

“ಹೌದು.”

“ಯಾರಾದ್ರೂ ಹೀಗೆ ಹಾಕಿಸ್ತಾರೇನೇ? ಓದಿದೋರು ಫೋನ್ ಮಾಡ್ತಾರಾ?”

“ಮಾಡದಿದ್ರೆ ಬೇಡ. ಅವಳು ಹುಟ್ಟೇ ಇಲ್ಲ ಅನ್ನೋ ಹಾಗೆ ನಾನು ಯಾರ ಮನೆಗೂ ಹೋಗಲ್ಲ.”

“ನೀವಿಬ್ರೂ ಮೊದಲು ಕೂತ್ಕೊಳ್ಳಿ” ಎಂದಳು ಅತ್ತಿಗೆ. ಇಬ್ಬರೂ ಕೂರಲಿಲ್ಲ. ಅಣ್ಣ ಅಂಗಡಿಗೆ ಹೋಗಿ ಸರಿಯಾಗಿದ್ದ ಚಕ್ರವನ್ನೇ ಬಿಚ್ಚಿಕೊಂಡು ಕೂತ.

ಕೆಲವು ದಿನ ಇಬ್ಬರಿಗೂ ಮಾತಿರಲಿಲ್ಲ. ಫೋನೂ ಬರಲಿಲ್ಲ. ಒಂದು ರಜಾದಿನ ಬೆಳಿಗ್ಗೆ ಅವಳು ಅಂಗಡಿಗೆ ಟೀ ತಂದುಕೊಡುವ ಹೊತ್ತಿಗೆ ಫೋನ್ ಬಡಿದುಕೊಂಡಿತು. ಅಣ್ಣ ಗ್ರೀಸಿನ ಕೈ ಒರೆಸಿಕೊಂಡು ಎತ್ತಿದ. ಆ ಕಡೆಯವನು ಲಿಫ್ಟ್ ರಿಪೇರಿ ಮಾಡುವವನಂತೆ, ಹೆಂಡತಿ ತೀರಿಕೊಂಡವನಂತೆ. ಅಣ್ಣ ಹೂಂ, ಹೌದು, ಆಗಲಿ ಎನ್ನುತ್ತಿದ್ದವನು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದ. ಫೋನನ್ನು ಅವಳ ಕಡೆ ಚಾಚಿದ.

“ಹೆಸರು ಕೇಳ್ತಿದ್ದಾರೆ.”

“ಹೇಳೋಕೇನು? ನನ್ನ ಹೆಸರು ನಿಂಗೆ ಗೊತ್ತಿಲ್ವಾ?”

“ನಿಂದಲ್ಲ ಕಣೇ. ಅವಳದು.”

ಅವಳು ಫೋನ್ ತೆಗೆದುಕೊಂಡು ಮಗಳ ಹೆಸರು ಹೇಳಿದಳು. “ನಾವು ಗುಬ್ಬಿ ಅಂತ ಕರೀತಿದ್ವಿ” ಎಂದೂ ಹೇಳಿದಳು. ಆ ಕಡೆಯವನು, “ಇದ್ದಳು ಅಂತ ಬರೆದಿದ್ದು ಓದಿದೆ. ಕೇಳಬೇಕು ಅನ್ನಿಸ್ತು. ತಪ್ಪು ತಿಳ್ಕೋಬೇಡಿ” ಎಂದ.

ಫೋನ್ ಇಟ್ಟು ತಿರುಗಿದರೆ ಅಣ್ಣ ಟೈರುಗಳ ಮಧ್ಯೆ ಕುಸಿದು ಕೂತಿದ್ದ.

“ಅವಳನ್ನ ಅಳಿಸಿಹಾಕಬೇಕು ಅಂತ ನಾನು ಬರೆಸಲಿಲ್ಲ ಕಣೇ. ಜಾಹೀರಾತು ಬರ್ಕೊಳ್ಳೋ ಕೌಂಟರಿನವನು ‘ಇಶ್ಯೂ?’ ಅಂದ. ಇಲ್ಲ ಅಂದ್ಬಿಟ್ಟೆ. ಇದ್ದಳು ಅಂದಿದ್ರೆ ಅಲ್ಲೇ ಎಲ್ಲರ ಮುಂದೆ ಅಳಬೇಕಾಗ್ತಿತ್ತು.”

ಅವಳು ಅವನ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಅತ್ತಿಗೆ ಬಾಗಿಲವರೆಗೆ ಬಂದವಳು ಸದ್ದಿಲ್ಲದೆ ಹಿಂದೆ ಸರಿದಳು. ಟೀ ಆರಿ ತಣ್ಣಗಾಯಿತು.

ಲಿಫ್ಟಿನವನು ಆಮೇಲೆ ಮನೆಗೂ ಬಂದ. ಮಾತು ಕಡಿಮೆ, ಮನಸ್ಸು ದೊಡ್ಡದು. ಕೆಲವು ತಿಂಗಳು ಹೋಗಿಬರುವುದು ನಡೆಯಿತು. ಅಷ್ಟರಲ್ಲಿ ಅವನ ಕೆಲಸ ದೂರದ ಊರಿಗೆ ಬಿತ್ತು. ಬಾ ಎಂದು ಅವನು ಕರೆದ. ತನ್ನ ಮೇಜು, ಈ ಮನೆ ಬಿಟ್ಟು ಹೋಗಲು ಅವಳಿಗೆ ಕಾಲು ಏಳಲಿಲ್ಲ. ಮದುವೆ ಕೂಡಿಬರದಿದ್ದುದಕ್ಕೆ ಯಾರನ್ನೂ ದೂರುವ ಹಾಗಿರಲಿಲ್ಲ. ಹೋಗುವಾಗ ಅವನು ಅಂಗಡಿಗೆ ಬಂದು ಅಣ್ಣನಿಗೂ ಹೇಳಿ ಹೋದ.

ಅವನು ಹೋದ ವಾರ ಮೂವರೂ ಊಟಕ್ಕೆ ಕೂತಿದ್ದಾಗ ಅಣ್ಣ ತಟ್ಟೆ ನೋಡುತ್ತಲೇ, “ನಮ್ಮ ಗುಬ್ಬಿ ಒಂದ್ಸಲ ನನ್ನ ಗಿರಾಕಿನೇ ಓಡಿಸಿಬಿಟ್ಟಿದ್ಲು, ನಿಂಗೆ ಹೇಳಿಲ್ಲ ಅಲ್ವಾ?” ಎಂದ. ರಿಪೇರಿಗೆ ಬಂದ ಸೈಕಲನ್ನು ತಬ್ಬಿಕೊಂಡು, “ಇದಕ್ಕೆ ಕಾಲು ನೋವು, ಇವತ್ತು ಕಳಿಸಲ್ಲ” ಎಂದು ಹಟ ಹಿಡಿದಿದ್ದಳಂತೆ. ಆ ದೊಡ್ಡ ಮೀಸೆಯ ಗಿರಾಕಿ ಬೇರೆ ದಾರಿ ಕಾಣದೆ ನಡೆದೇ ಮನೆಗೆ ಹೋದನಂತೆ.

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ಪ್ರೂಫಕ್ಕ ತುತ್ತನ್ನು ಕೈಯಲ್ಲೇ ಹಿಡಿದು ಅಣ್ಣನನ್ನು ನೋಡಿದಳು. ಮಗಳ ಬಗ್ಗೆ ತನಗೆ ಗೊತ್ತಿಲ್ಲದ್ದೂ ಒಂದು ಉಳಿದಿತ್ತೆಂದು ಅವಳು ಎಣಿಸಿರಲೇ ಇಲ್ಲ.

“ಆಮೇಲೆ?” ಎಂದಳು.