ಸಾವಿತ್ರಮ್ಮನವರ ಸಾಕ್ಷಿ

ಶಿವಮೊಗ್ಗದ ಸರ್ಕಾರಿ ವೈರ್‌ಲೆಸ್ ಕಚೇರಿಯಲ್ಲಿ ಪ್ರಿಯದರ್ಶಿನಿಗೆ ಸ್ಟೆನೋ ಕೆಲಸ ಸಿಕ್ಕಿತ್ತು. ಪೊಲೀಸರು ವಿಚಾರಣೆ ಮಾಡಿ ಒಪ್ಪಿಗೆ ಬರೆಯುವುದೊಂದೇ ಬಾಕಿ. ಗುಟ್ಟಿನ ಸಂದೇಶಗಳು ಬಂದುಹೋಗುವ ಜಾಗವಾದ್ದರಿಂದ ಅರ್ಜಿಯಲ್ಲಿ ಸಾಲದ ವಿವರವನ್ನೂ ಕೇಳಿದ್ದರು. ಆ ಕಾಲಂ ಮುಂದೆ ಪೆನ್ನು ಹಿಡಿದು ಅವಳು ಒಂದು ಮಧ್ಯಾಹ್ನವನ್ನೇ ಕಳೆದಳು. ಅಮ್ಮನ ಕಣ್ಣಿನ ಆಪರೇಷನ್ನಿಗೆಂದು ಪಕ್ಕದ ಮನೆಯ ಸಾವಿತ್ರಮ್ಮನವರಿಂದ ಆರು ಸಾವಿರ ತಂದದ್ದು ಗಂಡ ಪ್ರಸನ್ನಕುಮಾರನಿಗೂ ಗೊತ್ತಿರಲಿಲ್ಲ. ಬರೆಯದಿದ್ದರೆ ಸುಳ್ಳು, ಬರೆದರೆ ಕೆಲಸವೇ ಹೋದೀತು. ಕೊನೆಗೆ ಬರೆದೇಬಿಟ್ಟಳು. ಗಂಡ ನೋಡುವ ಮೊದಲೇ ಲಕೋಟೆಗೆ ಅಂಟು ಹಚ್ಚಿದಳು.

ಭದ್ರಾವತಿಯ ಓಲ್ಡ್ ಟೌನಿನ ಅವರ ಬೀದಿಯಲ್ಲಿ ಹೆಂಗಸರ ಕೈಸಾಲಕ್ಕೆ ಒಂದು ಕಟ್ಟುಪಾಡಿತ್ತು. ಕೊಟ್ಟವಳು ಬಾಯಿ ಬಿಡುವಂತಿಲ್ಲ, ತೆಗೆದುಕೊಂಡವಳು ಮರೆಯುವಂತಿಲ್ಲ. ಹಿತ್ತಿಲ ಗೋಡೆಯ ಮೇಲೆ ಮಜ್ಜಿಗೆ ಪಾತ್ರೆ ದಾಟುವಾಗ ಅದರ ಮುಚ್ಚಳದಡಿ ನೋಟೂ ದಾಟುತ್ತಿತ್ತು.

ಹೀಗಾಗಿ ವಿಚಾರಣೆಗೆ ಬಂದ ಪೊಲೀಸ್ ಲಕ್ಷ್ಮೀಕಾಂತನಿಗೆ ಬೀದಿಯಲ್ಲೆಲ್ಲ ಸಿಕ್ಕಿದ್ದು ಒಂದೇ ಉತ್ತರ: ಪ್ರಿಯದರ್ಶಿನಿಗೆ ಸಾಲವೇ? ಸಾಧ್ಯವೇ ಇಲ್ಲ. ಸಾವಿತ್ರಮ್ಮನವರಂತೂ ದೇವರ ಪಟದ ಕಡೆ ಕೈ ಮಾಡಿ, ಆ ಹುಡುಗಿ ತಮ್ಮಿಂದ ಒಂದು ರೂಪಾಯಿಯನ್ನೂ ಪಡೆದಿಲ್ಲವೆಂದರು. ಅವಳ ಮಾನ ಉಳಿಸಿದ ಖುಷಿಗೆ ಅವನಿಗೆ ಕಾಫಿಯನ್ನೂ ಕೊಟ್ಟರು.

ಅಲ್ಲಿಂದ ನೇರ ಪ್ರಿಯದರ್ಶಿನಿಯ ಮನೆಗೆ ಬಂದ ಲಕ್ಷ್ಮೀಕಾಂತ ಅರ್ಜಿ ಬಿಚ್ಚಿದ. ಇವಳು ಸಾಲ ಇದೆ ಎನ್ನುತ್ತಾಳೆ, ಕೊಟ್ಟವರು ಇಲ್ಲ ಎನ್ನುತ್ತಾರೆ; ಎರಡೂ ತಾಳೆಯಾಗದೆ ತಾನು ಒಪ್ಪಿಗೆ ಬರೆಯುವಂತಿಲ್ಲ ಎಂದ. ಅಷ್ಟರಲ್ಲಿ ಪಾಳಿ ಮುಗಿಸಿ ಬಂದ ಪ್ರಸನ್ನಕುಮಾರ ಅಂಗಳದಲ್ಲಿ ಸೈಕಲ್ ನಿಲ್ಲಿಸುತ್ತಿದ್ದ.

"ಯಾವ ಸಾಲ?" ಎಂದ.

"ಅಮ್ಮನ ಕಣ್ಣಿಗೆ ಮಾಡಿದ್ದು ಕಣ್ರೀ. ಆಮೇಲೆ ಎಲ್ಲಾ ಹೇಳ್ತೀನಿ" ಎಂದವಳೇ ಪ್ರಿಯದರ್ಶಿನಿ ಹಿತ್ತಿಲಿಗೆ ಓಡಿ ಗೋಡೆಯಾಚೆ ಕೂಗಿದಳು. "ಸಾವಿತ್ರಮ್ಮ, ನಿಮ್ಮ ದಮ್ಮಯ್ಯ ಅಂತೀನಿ, ನಿಜ ಹೇಳ್ಬಿಡಿ. ನಾನು ಬರೆದು ಕೊಟ್ಟಾಗಿದೆ."

"ಪೊಲೀಸರಿಗೇ ಬರೆದು ಕೊಟ್ಯಾ? ಎಂಥವಳೇ ಮಾರಾಯ್ತಿ ನೀನು."

ಆದರೂ ಬಂದರು. ಬಂದಮೇಲೆ ಏನನ್ನೂ ಉಳಿಸಲಿಲ್ಲ. ಪ್ರತಿ ತಿಂಗಳು ಐದನೇ ತಾರೀಕು ಮುನ್ನೂರು ಬರುತ್ತದೆ, ಒಮ್ಮೆ ಮಾತ್ರ ಜ್ವರದಿಂದ ಎರಡು ದಿನ ತಡವಾಯಿತು, ಇನ್ನು ಎರಡು ಸಾವಿರದ ಏಳುನೂರು ಬರಬೇಕು ಎಂದು ಎದುರು ಮನೆಗೂ ಕೇಳುವಂತೆ ಹೇಳಿದರು. ನಾಚಿಕೆಯಿಂದ ಕುಸಿದುಹೋಗುತ್ತೇನೆಂದುಕೊಂಡಿದ್ದ ಪ್ರಿಯದರ್ಶಿನಿಗೆ, ಸೊಂಟದ ಮೇಲಿನ ತುಂಬಿದ ಕೊಡ ಇಳಿಸಿದಂತಾಯಿತು.

ಮೊದಲು ಸುಳ್ಳು ಹೇಳಿದ್ದೇಕೆಂದು ಲಕ್ಷ್ಮೀಕಾಂತ ಕೇಳಿದ.

"ನಿಮ್ಮನೆ ಹೆಂಗಸರ ಸಾಲಾನ ಪಕ್ಕದವರು ಬೀದೀಲಿ ಹೇಳ್ಕೊಂಡು ಬಂದ್ರೆ ನಿಮಗಾಗುತ್ತಾ ಸ್ವಾಮಿ?"

ಅವನು ನಕ್ಕು ಬರೆಯತೊಡಗಿದ. "ಸಾಲ ಇರೋದು ತಪ್ಪಲ್ಲಮ್ಮ. ಬಚ್ಚಿಟ್ಟ ಸಾಲ ಇದ್ರೆ, ಅದನ್ನೇ ಹಿಡ್ಕೊಂಡು ಯಾರಾದ್ರೂ ಇವರ ಕೈಲಿ ಕಚೇರಿ ಗುಟ್ಟು ಬಿಡಿಸ್ತಾರೆ. ಇವರನ್ನ ಹೆದರಿಸೋಕೆ ಇನ್ನೇನೂ ಉಳಿದಿಲ್ಲ." ಒಪ್ಪಿಗೆಗೆ ಸಹಿ ಹಾಕಿದ.

ಸಾವಿತ್ರಮ್ಮನವರಿಗೆ ಈಗ ಸತ್ಯ ಹೇಳುವ ಹುರುಪು ಹತ್ತಿತ್ತು. ಪ್ರಸನ್ನಕುಮಾರನ ಕಡೆ ಕೈ ತೋರಿಸಿ ಲಕ್ಷ್ಮೀಕಾಂತನನ್ನು ಕೇಳಿದರು. "ಇವರ ಸಾಲದ್ದೂ ಹೇಳ್ಬೇಕಾ ಸ್ವಾಮಿ?"

ಪ್ರಸನ್ನಕುಮಾರ ಸೈಕಲ್ ಚೈನಿನಲ್ಲಿ ಏನನ್ನೋ ಹುಡುಕತೊಡಗಿದ. ಅದು ತನಗೆ ಬೇಡವೆಂದು ಲಕ್ಷ್ಮೀಕಾಂತ ಫೈಲು ಕಟ್ಟಿಕೊಂಡು ಹೊರಟ.

"ನನಗೆ ಬೇಕು" ಎಂದ ಪ್ರಿಯದರ್ಶಿನಿ, ನಗು ತಡೆಯಲಾರದೆ ಮೆಟ್ಟಿಲ ಮೇಲೆ ಕೂತುಬಿಟ್ಟಳು.