ಮೂರು ಪಟ್ಟು ಪಾಯಿಂಟಿನ ವಿಮಾನ

ನಮ್ಮ ಮನೆಯವರು ಇಪ್ಪತ್ತಾರು ವರ್ಷದಿಂದ ವಿಮಾನ ರಿಪೇರಿ ಮಾಡುತ್ತಿದ್ದಾರೆ, ಒಂದು ಸಲವೂ ವಿಮಾನ ಹತ್ತಿಲ್ಲ. ಇದನ್ನು ಹೇಳಿದರೆ ಜನ ನಗುತ್ತಾರೆ. ನಾನೂ ನಗುತ್ತಿದ್ದೆ. ಪುಕ್ಕಲು ಅಂತ ರೇಗಿಸುತ್ತಿದ್ದೆ.

ಹತ್ತದಿದ್ದರೇನು, ನೆಂಟರಿಷ್ಟರಲ್ಲಿ ವಿಮಾನದ ಮಾತು ಬಂದರೆ ಇವರು ಹೇಳಿದ್ದೇ ಕೊನೆ. ಯಾವ ಸೀಟಿನಲ್ಲಿ ಕಾಲು ಚಾಚಬಹುದು, ಎಷ್ಟು ಕಿಲೋ ಸಾಮಾನು ಬಿಡುತ್ತಾರೆ, ಕೂಸಿಗೆ ಕಿವಿ ಅಡಚಿಕೊಂಡರೆ ಏನು ಮಾಡಬೇಕು, ಎಲ್ಲದಕ್ಕೂ ಇವರಿಗೇ ಫೋನು. ಹಾಗಾಗಿ ನಮ್ಮ ಒಬ್ಬಳೇ ಮಗಳು ಕಿವಿ ಕೇಳಿಸದವರಿಗೆ ಮೆಷಿನ್ ಮಾಡುವ ಕಂಪನಿಗೆ ಸೇರಿ, ವಾರಕ್ಕೆರಡು ಸಲ ಊರೂರಿಗೆ ಹಾರಾಡುವ ಹಾಗಾದಾಗ, ಯಾವ ವಿಮಾನ ಕಂಪನಿಯ ಸದಸ್ಯತ್ವ ತೆಗೆದುಕೊಳ್ಳಬೇಕು ಎನ್ನುವ ಪ್ರಶ್ನೆ ನೆಟ್ಟಗೆ ನಮ್ಮ ಊಟದ ಮೇಜಿಗೆ ಬಂತು.

ಒಂದೇ ಕಂಪನಿಯ ವಿಮಾನದಲ್ಲಿ ಮತ್ತೆ ಮತ್ತೆ ಹೋದರೆ ಪಾಯಿಂಟ್ ಕೊಡುತ್ತಾರಂತೆ. ಪಾಯಿಂಟ್ ಕೂಡಿದರೆ ಮೊದಲು ಬೆಳ್ಳಿ ಕಾರ್ಡು, ಆಮೇಲೆ ಚಿನ್ನದ ಕಾರ್ಡು. ಚಿನ್ನದ ಕಾರ್ಡಿನವರಿಗೆ ಸೋಫಾ ಹಾಕಿದ ಕೋಣೆ, ಎರಡು ಪೆಟ್ಟಿಗೆ ಜಾಸ್ತಿ, ಜೊತೆಗೆ ವರ್ಷಕ್ಕೆ ಎರಡು ಬಿಟ್ಟಿ ಟಿಕೆಟ್.

"ಆ ಎರಡು ಟಿಕೆಟ್ ನಿಮ್ಮಿಬ್ಬರಿಗೆ," ಅಂದಳು ಮಗಳು. "ಅಪ್ಪನ್ನ ಒಂದು ಸಲನಾದ್ರೂ ವಿಮಾನದ ಒಳಗೆ ಬೆಲ್ಟ್ ಹಾಕಿ ಕೂರಿಸ್ಬೇಕು ನಾನು."

ಇವರು ಒಂದು ಭಾನುವಾರವಿಡೀ ಕೂತರು. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಸ್ಕೇಲು ಹಿಡಿದು ಗೆರೆ ಎಳೆದು, ಮೂರು ಕಂಪನಿಗೆ ಮೂರು ಸಾಲು ಮಾಡಿದರು. ಹೆಸರು ಬರೆಯಲಿಲ್ಲ. ಇವರ ಹ್ಯಾಂಗರಿನಲ್ಲಿ, ಅಂದರೆ ವಿಮಾನ ರಿಪೇರಿಯ ಶೆಡ್ಡಿನಲ್ಲಿ, ಎಲ್ಲರೂ ಬಾಲದ ಬಣ್ಣ, ಚಿತ್ರ ನೋಡಿಯೇ ಕರೆಯುವುದು. ಕೆಂಪು, ನೀಲಿ, ಹಕ್ಕಿ. ಯಾರದ್ದು ಎಷ್ಟು ಪಾಯಿಂಟು, ಎಷ್ಟು ದಿನಕ್ಕೆ ರದ್ದಾಗುತ್ತದೆ, ಯಾರು ಹೇಳದೆ ಕೇಳದೆ ನಿಯಮ ಬದಲಾಯಿಸುತ್ತಾರೆ, ಎಲ್ಲ ಅದರಲ್ಲಿತ್ತು. ಸಂಜೆ ಹೊತ್ತಿಗೆ ಕೆಂಪು ಗೆದ್ದಿತ್ತು. ಯಾಕೆಂದರೆ ಅವರ ಮಧ್ಯಾಹ್ನದ ವಿಮಾನಕ್ಕೆ ಮೂರು ಪಟ್ಟು ಪಾಯಿಂಟ್.

"ಅದ್ಯಾಕ್ರೀ ಅಷ್ಟು ಧಾರಾಳ?" ಅಂತ ಕೇಳಿದೆ. ನಾನು ಬಟ್ಟೆ ಆಲ್ಟರೇಷನ್ ಮಾಡುವವಳು. ಯಾರಾದರೂ ಬಿಟ್ಟಿ ಕೊಟ್ಟರೆ ಮೊದಲು ಒಳಮೈ ತಿರುಗಿಸಿ ಹೊಲಿಗೆ ನೋಡುವ ಚಾಳಿ ನನ್ನದು.

"ಆ ಹೊತ್ತಿಗೆ ಹಳೇ ವಿಮಾನ ಬಿಡ್ತಾರೆ ಕಣೇ. ಸದ್ದು ಜಾಸ್ತಿ, ಸೀಟು ಹರಿದಿರುತ್ತೆ, ಜನ ಹತ್ತಲ್ಲ. ಹತ್ತಿಸ್ಬೇಕಲ್ಲ, ಅದಕ್ಕೆ."

"ಹಳೇದಾ?"

"ಹಳೇದಾದ್ರೇನು? ನೋಡ್ಕೊಳ್ಳೋಕೆ ನಾವಿಲ್ವಾ?" ಅಂತ ಎದೆ ತಟ್ಟಿಕೊಂಡರು. ಆ ಪಟ್ಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿತು.

ಏಳೆಂಟು ತಿಂಗಳು ಎಲ್ಲ ಚೆನ್ನಾಗಿತ್ತು. ಮಗಳಿಗೆ ಬೆಳ್ಳಿ ಕಾರ್ಡು ಬಂತು. ಆಮೇಲೆ ಇವರಿಗೆ ಹೊಸ ಹುಚ್ಚೊಂದು ಹಿಡಿಯಿತು. ಹತ್ತುವ ಮುಂಚೆ ಗಾಜಿನ ಹತ್ತಿರ ನಿಂತು ವಿಮಾನದ ಫೋಟೋ ತೆಗೆದು ಕಳಿಸಬೇಕು, ಬಾಲದ ಹತ್ತಿರ ಬರೆದ ಅಕ್ಷರ ಕಾಣಬೇಕು, ಅಂತ ಅವಳಿಗೆ ಕಟ್ಟಪ್ಪಣೆ. ಮನುಷ್ಯರಿಗೆ ಹೆಸರಿದ್ದ ಹಾಗೆ ಒಂದೊಂದು ವಿಮಾನಕ್ಕೂ ಒಂದೊಂದು ಅಕ್ಷರದ ಗುರುತು ಇರುತ್ತದೆ. ಯಾವ ದಾರಿಗೆ ಯಾವ ವಿಮಾನ ಬರುತ್ತದೆ ಎನ್ನುವುದು ಕೊನೆ ಗಳಿಗೆವರೆಗೂ ಬದಲಾಗುತ್ತಿರುತ್ತದಂತೆ. ಮಗಳು ಇದನ್ನು ಮುದ್ದು ಅಂದುಕೊಂಡಳು. "ಅಪ್ಪಂಗೆ ನಾನು ಯಾವುದ್ರಲ್ಲಿ ಹೋಗ್ತೀನಿ ಅಂತ ಕಣ್ತುಂಬ ನೋಡ್ಬೇಕಂತೆ," ಅಂತ ಗೆಳತಿಯರಿಗೆಲ್ಲ ತೋರಿಸುತ್ತಿದ್ದಳು.

ನನಗೆ ಮುದ್ದು ಅನ್ನಿಸಲಿಲ್ಲ. ಫೋಟೋ ಬರುವವರೆಗೆ ಇವರು ತುತ್ತು ಎತ್ತುತ್ತಿರಲಿಲ್ಲ. ಬಂದ ಮೇಲೆ ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿ, ಉಸಿರು ಬಿಟ್ಟು, "ಸರಿ, ಹೋಗು" ಅಂತ ಬರೆಯುವರು. ಅಂಗಿ ಜೇಬಿನಲ್ಲಿ ಒಂದು ಪುಟ್ಟ ಡೈರಿ ಬಂದು ಕೂತಿತ್ತು. ಒಗೆಯಲು ಹಾಕುವಾಗ ತೆಗೆದು ನೋಡಿದೆ. ಪುಟದ ತುಂಬ ಗೀಟುಗಳು. ನಾಲ್ಕು ಗೀಟು, ತಾರೀಕು. ನಾಲ್ಕು ಗೀಟು, ತಾರೀಕು. ಮೊದಲ ಪುಟದ ತಲೆಯಲ್ಲಿ ಎರಡೇ ಅಕ್ಷರ: ಕೆ, ಟಿ. ಇದೇನ್ರೀ ಅಂದರೆ, ಕೆಲಸದ್ದು ಅಂದರು. ನಾನೂ ಕೆದಕಲಿಲ್ಲ. ಕೆದಕದೆ ಬಿಟ್ಟದ್ದು ನನ್ನ ತಪ್ಪು.

ಮುಂದಿನ ತಿಂಗಳು ಫ್ರಿಜ್ಜಿನ ಮೇಲಿನ ಪಟ್ಟಿ ಕಿತ್ತು ಹೊಸದು ಅಂಟಿಸಿದರು. ಈ ಸಲ ನೀಲಿ ಗೆದ್ದಿತ್ತು. ಮಗಳು ಬ್ಯಾಗು ಇಳಿಸಿ ಅದರ ಮುಂದೆ ನಿಂತವಳು ಕಿಸಕ್ಕನೆ ನಕ್ಕಳು.

"ಅಪ್ಪಾ, ಕೆಂಪಿನವರ ಮೂರು ಪಟ್ಟು ಲೆಕ್ಕಕ್ಕೇ ತಗೊಂಡಿಲ್ಲ ನೀವು!"

"ಹೌದಾ? ಮರ್ತೆ ಅನ್ಸುತ್ತೆ. ಆದ್ರೂ ನೀಲೀನೇ ವಾಸಿ ಮಗಾ. ಬದಲಾಯಿಸ್ಬಿಡು."

"ಈಗ ಬದಲಾಯಿಸಿದ್ರೆ ಮತ್ತೆ ಸೊನ್ನೆಯಿಂದ ಶುರು. ಇನ್ನು ಸ್ವಲ್ಪ ಹಾರಿದ್ರೆ ಚಿನ್ನ. ನೀವೇ ಅಲ್ವಾ ಹೇಳಿಕೊಟ್ಟಿದ್ದು, ಒಂದನ್ನ ಹಿಡಿದ್ರೆ ಬಿಡಬಾರ್ದು ಅಂತ?"

ಕಾಯಿಪಲ್ಲೆ ಚೀಟಿಯಲ್ಲೂ ಕೂಡುವುದು ತಪ್ಪದ ಮನುಷ್ಯ ಇವರು. ಮರೆತೆ ಅಂದದ್ದನ್ನು ನಾನು ನಂಬಲಿಲ್ಲ. ಆದರೂ ಬಾಯಿ ಬಿಡಲಿಲ್ಲ.

ವರ್ಷದ ಕೊನೆಯ ಭಾನುವಾರ. ಚಿನ್ನದ ಕಾರ್ಡಿಗೆ ಮಗಳಿಗೆ ಇನ್ನೆರಡೇ ಹಾರಾಟ ಬೇಕಿತ್ತು. ಕೆಲಸ ಏನೂ ಇರಲಿಲ್ಲ. ಮಧ್ಯಾಹ್ನದ ವಿಮಾನದಲ್ಲಿ ಹೋಗುವುದು, ಅಲ್ಲೇ ಒಂದು ಕಾಫಿ ಕುಡಿಯುವುದು, ಅದೇ ವಿಮಾನದಲ್ಲಿ ವಾಪಸ್ಸು ಬರುವುದು. ಈ ಉಪಾಯವನ್ನು ವರ್ಷದ ಮೊದಲಲ್ಲಿ ಹೇಳಿಕೊಟ್ಟವರೂ ಇವರೇ. ಬೆಳಿಗ್ಗೆ "ಬೇಡ ಬಿಡು ಮಗಾ, ಸುಮ್ನೆ ಸುಸ್ತು" ಅಂತ ಎರಡು ಸಲ ಅಂದರು. ಅವಳು ಕೈಬೀಸಿಕೊಂಡು, ಬ್ಯಾಗೂ ಇಲ್ಲದೆ, ಸಿನಿಮಾಕ್ಕೆ ಹೋಗುವವಳ ಹಾಗೆ ಹೋದಳು.

ಹನ್ನೊಂದೂ ಐವತ್ತಕ್ಕೆ ಫೋಟೋ ಬಂತು. ನಾನು ಯಾರದೋ ಪ್ಯಾಂಟಿನ ಅಂಚು ಬಿಚ್ಚುತ್ತಿದ್ದೆ. ಇವರು ಎದುರಿಗೆ ಕೂತಿದ್ದರು. ಹಿಗ್ಗಿಸಿ ನೋಡಿದರು. ಇನ್ನೂ ಹಿಗ್ಗಿಸಿದರು. ತಕ್ಷಣ ಫೋನ್ ಮಾಡಿದರು.

"ಮಗಾ, ಹತ್ತಬೇಡ. ಅಮ್ಮಂಗೆ ಎದೆನೋವು. ಕೂತಲ್ಲೇ ಕುಸಿದ್ಲು. ಈಗಲೇ ಮನೆಗೆ ಬಾ. ಸಾಲಲ್ಲಿದ್ರೆ ಸಾಲು ಬಿಟ್ಟು ಬಾ."

ನಾನು ಸೂಜಿ ಹಿಡಿದುಕೊಂಡು, ಗುಂಡುಕಲ್ಲಿನ ಹಾಗೆ ಅವರೆದುರೇ ಕೂತಿದ್ದೇನೆ! ಫೋನ್ ಇಟ್ಟ ತಕ್ಷಣ ಮೈಯೆಲ್ಲ ಉರಿದುಹೋಯಿತು.

"ಬಾಯಲ್ಲಿ ಬರೋ ಮಾತೇನ್ರೀ ಅದು? ಆ ಮಗು ದಾರಿ ಉದ್ದಕ್ಕೂ ಜೀವ ಕೈಯಲ್ಲಿ ಹಿಡ್ಕೊಂಡು ಬರುತ್ತೆ!"

ಅವರು ಡೈರಿ ತೆಗೆದು ಮೇಜಿನ ಮೇಲಿಟ್ಟರು.

"ಆ ವಿಮಾನ ಕೆ ಟಿ," ಅಂದರು.

ಆಮೇಲೆ ಒಂದೊಂದೇ ಹೊರಗೆ ಬಂತು. ನಾಲ್ಕು ತಿಂಗಳ ಹಿಂದೆ ಒಂದು ಪಾಳಿಯಲ್ಲಿ ನಾಲ್ಕು ಜನರ ಕೆಲಸಕ್ಕೆ ಇಬ್ಬರೇ ಇದ್ದರಂತೆ. ಇಂಜಿನ್ನು ರೆಕ್ಕೆಗೆ ತಗಲಿಕೊಂಡಿರುವ ಕಡೆ ಒಂದು ಮುಚ್ಚಳ ಇದೆ. ಹದಿನೆಂಟು ಸ್ಕ್ರೂ ಬಿಚ್ಚಿ, ಟಾರ್ಚು ಕನ್ನಡಿ ಹಿಡಿದು, ಒಳಗಿನ ನಾಲ್ಕು ಬೋಲ್ಟು ಬಿರುಕು ಬಿಟ್ಟಿದೆಯಾ ನೋಡಬೇಕು. ಸೂಪರ್‌ವೈಸರ್ ಕಾಗದ ಹಿಡಿದುಕೊಂಡು ತಲೆ ಮೇಲೇ ನಿಂತಿದ್ದ. ಕೆ ಟಿ ಹೊರಡಬೇಕಿತ್ತು. ನಾಳೆ ಹೇಗೂ ಇಲ್ಲಿಗೇ ಬರುತ್ತದೆ, ನಾಳೆ ಬಿಚ್ಚಿ ನೋಡಿದರಾಯಿತು ಅಂದುಕೊಂಡು, ನೋಡಿದೆ ಅಂತ ಸಹಿ ಹಾಕಿದರು. ಮಾರನೇ ದಿನ ಅದು ಬರಲಿಲ್ಲ. ಬೇರೆ ಊರಿನ ದಾರಿಗೆ ಹಾಕಿಬಿಟ್ಟಿದ್ದರು. ಆ ಮುಚ್ಚಳ ಮತ್ತೆ ತೆಗೆಯುವ ಸರದಿ ಬರುವುದು ಬರುವ ವರ್ಷ.

"ಬಿರುಕು ಬಿಟ್ಟಿದೆಯಾ?"

"ಗೊತ್ತಿಲ್ಲ ಕಣೇ. ನೋಡಿಲ್ಲ ಅಂತಾನೇ ಹೇಳ್ತಿದೀನಲ್ಲ. ಅದೇ ತರದ ಇನ್ನೆರಡು ವಿಮಾನದಲ್ಲಿ ಬಿಟ್ಟಿತ್ತು."

"ಈ ಗೀಟೆಲ್ಲ?"

"ದಿನಾ ನಾಲ್ಕು ಸಲ ಹಾರುತ್ತೆ. ಇಳಿದದ್ದು ಫೋನಿನಲ್ಲಿ ಗೊತ್ತಾಗುತ್ತೆ. ಇಳಿದಾಗಲೆಲ್ಲ ಒಂದು ಹಾಕ್ತೀನಿ. ನಾನೂರ ಎಪ್ಪತ್ತೊಂಬತ್ತು ಆಯ್ತು."

ಅಷ್ಟರಲ್ಲಿ ಮಗಳ ಫೋನು. ಏದುಸಿರು ಬಿಡುತ್ತಿದ್ದಳು.

"ಅಮ್ಮಾ? ನೀನೇನಾ ಮಾತಾಡ್ತಿರೋದು? ಟ್ಯಾಕ್ಸಿ ಹತ್ತಿದೆ, ಬಂದೆ."

"ನನಗೇನೂ ಆಗಿಲ್ಲ ಪುಟ್ಟಿ. ನಿಧಾನವಾಗಿ ಬಾ."

"ನಿಜವಾಗ್ಲೂ? ಅಯ್ಯೋ, ಹೋಗ್ಲಿ ಬಿಡು. ಕೌಂಟರ್ ಹತ್ರ ಒಬ್ರು ಹೆಂಗಸು ಕೂಸು ಎತ್ಕೊಂಡು ಸೀಟಿಲ್ಲ ಅಂತ ಅಳ್ತಾ ನಿಂತಿದ್ರು. ನಾನು ಹೋಗಲ್ಲ ಅಂದಿದ್ದಕ್ಕೆ ನನ್ನ ಕಿಟಕಿ ಸೀಟು ಅವ್ರಿಗೆ ಸಿಕ್ತು. ಕೈ ಹಿಡ್ಕೊಂಡು ಒಳ್ಳೇದಾಗ್ಲಿ ಅಂದ್ರು."

ಮಗಳು ಟ್ಯಾಕ್ಸಿಯಲ್ಲಿದ್ದಾಳೆ ಎಂದು ಕೇಳಿದಾಗ ನನಗೆ ಮೊದಲು ಬಂದದ್ದು ನೆಮ್ಮದಿ. ಅದನ್ನು ಮುಚ್ಚಿಡುವುದಿಲ್ಲ. ತಂಪಾದ ನೀರು ಕುಡಿದ ಹಾಗಾಯಿತು. ಆಮೇಲೆ ಆ ಕೂಸಿನ ಮಾತು ಕಿವಿಗೆ ಬಿತ್ತು, ನನ್ನ ಬಗ್ಗೆ ನನಗೇ ಅಸಹ್ಯವಾಯಿತು. ಗಡಿಯಾರ ನೋಡಿದೆ. ಹನ್ನೆರಡೂ ಇಪ್ಪತ್ತು. ವಿಮಾನ ಬಿಡುವುದು ಹನ್ನೆರಡೂ ನಲವತ್ತಕ್ಕೆ.

ಫೋನನ್ನು ಇವರ ಮುಂದೆ ತಳ್ಳಿದೆ.

"ಮಾಡಿ."

"ಯಾರಿಗೆ?"

"ನಿಮಗೆ ಗೊತ್ತಿರುತ್ತೆ ಯಾರಿಗೆ ಅಂತ. ನಿಲ್ಸಿ ಅಂತ ಹೇಳಿ."

"ಲೈಸೆನ್ಸ್ ಹೋಗುತ್ತೆ. ಜೈಲಿಗೆ ಹಾಕ್ತಾರೆ ನನ್ನ."

"ಹಾಕ್ಲಿ."

"ನಾನೂರ ಎಪ್ಪತ್ತೊಂಬತ್ತು ಸಲ ಏನೂ ಆಗಿಲ್ಲ..."

"ಹಾಗಿದ್ರೆ ನಮ್ಮ ಮಗಳನ್ನ ಯಾಕ್ರೀ ತಡೆದ್ರಿ?"

ಗಡಿಯಾರದ ಮುಳ್ಳು ಎರಡು ನಿಮಿಷ ಸರಿಯಿತು. ನಾನು ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದೆ. "ನೀವು ಮಾಡ್ದಿದ್ರೆ ಪೊಲೀಸರಿಗೆ ನಾನೇ ಮಾಡ್ತೀನಿ. ಏನು ಹೇಳ್ಬೇಕು ಅಂತ ಗೊತ್ತಿಲ್ಲ, ಬಾಂಬಿದೆ ಅಂತ ಹೇಳ್ತೀನಿ."

ಅವರು ವಿಮಾನ ನಿಲ್ದಾಣದ ಕಂಟ್ರೋಲ್ ರೂಮಿನ ನಂಬರು ಒತ್ತಿದರು. ನೋಡಿ ಒತ್ತಲಿಲ್ಲ, ಬಾಯಿಪಾಠವಿತ್ತು. ನಾಲ್ಕು ತಿಂಗಳಲ್ಲಿ ಎಷ್ಟು ಸಲ ಒತ್ತಲು ಹೋಗಿ ಬಿಟ್ಟಿದ್ದರೋ. ತಮ್ಮ ನೌಕರಿ ನಂಬರು ಹೇಳಿದರು. ವಿಮಾನದ ಅಕ್ಷರ ಹೇಳಿದರು. ಆ ಕಡೆಯವರು ಏನೋ ಕೇಳಿದರು.

"ಇಲ್ಲ ಸಾರ್," ಅಂದರು ಇವರು. "ನಾನು ಆ ಮುಚ್ಚಳ ತೆಗೀಲೇ ಇಲ್ಲ."

ಮಾತು ಮೇಲಿನವರಿಗೆ ಮುಟ್ಟುವಷ್ಟರಲ್ಲಿ ವಿಮಾನ ಜಾಗ ಬಿಟ್ಟು ರನ್‌ವೇ ಕಡೆ ಸ್ವಲ್ಪ ದೂರ ಹೋಗಿತ್ತಂತೆ. ವಾಪಸ್ಸು ಕರೆಸಿದರು.

ಮಧ್ಯಾಹ್ನ ನಾಲ್ಕಕ್ಕೆ ವಿಮಾನ ಸುರಕ್ಷತೆಯ ಇಬ್ಬರು ಅಧಿಕಾರಿಗಳು ಮನೆಗೆ ಬಂದರು. ಅಷ್ಟು ಹೊತ್ತಿಗೆ ಮಗಳಿಗೆ ಎಲ್ಲ ಗೊತ್ತಾಗಿತ್ತು. ಗೋಡೆಗೆ ಒರಗಿ ನಿಂತಿದ್ದಳು. ಅವರಲ್ಲಿ ಹಿರಿಯರು ತಮ್ಮ ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಮುಚ್ಚಳದ ಒಳಗೆ ನಾಲ್ಕು ಬೋಲ್ಟು ಇರಬೇಕಾದ ಕಡೆ ಮೂರಿದ್ದವು. ನಾಲ್ಕನೆಯದರ ತಲೆ ಮುರಿದು ತಳಕ್ಕೆ ಬಿದ್ದಿತ್ತು. ಮೂರನೆಯದರ ಕತ್ತಿನ ಸುತ್ತ ಕೂದಲೆಳೆಯಷ್ಟು ಕಪ್ಪು ಗೆರೆ ಇತ್ತು. ಇವರು ಅದನ್ನೇ ನೋಡುತ್ತ ಕೂತುಬಿಟ್ಟರು.

"ಆ ಫೋಟೋ ಎಲ್ಲ ಇದಕ್ಕಾ ಅಪ್ಪ?" ಅಂದಳು ಮಗಳು. "ನಾನೊಬ್ಬಳು ಉಳಿದ್ರೆ ಸಾಕಿತ್ತಾ?"

ಇವರು ಎದ್ದರು. ಅಂಗಿ ಬದಲಾಯಿಸಿ ಬರುತ್ತೇನೆ ಅಂದರು, ಅಧಿಕಾರಿಗಳು ಒಪ್ಪಿದರು. ನಾನೇ ಹೊಲಿದು ಕೊಟ್ಟಿದ್ದ ಬಿಳಿ ಅಂಗಿ ಹಾಕಿಕೊಂಡು ಬಂದರು. ಬಾಗಿಲ ಹತ್ತಿರ ಕೂತು ಶೂ ಲೇಸು ಕಟ್ಟುವಾಗ ಮಗಳು ಮತ್ತೆ ಹತ್ತಿರ ಬಂದಳು. ಕೋಪವೋ ಅಳುವೋ, ಅವಳಿಗೇ ಗೊತ್ತಿರಲಿಲ್ಲ.

"ಮಂಗಳವಾರ ನಾನು ಕೆಲಸಕ್ಕೆ ಹೋಗ್ಬೇಕು. ಯಾವುದ್ರಲ್ಲಿ ಹೋಗ್ಲಿ? ನೀಲಿಲಾ?"

ಊರಿಗೆಲ್ಲ ಉತ್ತರ ಹೇಳುತ್ತಿದ್ದ ಮನುಷ್ಯ ಕಟ್ಟಿದ ಲೇಸು ಬಿಚ್ಚಿ ಮತ್ತೆ ಕಟ್ಟಿದರು.

"ನೀಲೀನೂ ನಮ್ಮ ಹ್ಯಾಂಗರಿಗೇ ಬರೋದು ಮಗಾ. ಪಾಳಿಗೆ ಅದೇ ಇಬ್ಬರೇ ಇರೋದು."

"ಹಕ್ಕಿ?"

"ಅದೂ," ಅಂದರು. ಅಧಿಕಾರಿಗಳಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇವರು ಎದ್ದು ಅವರ ಹಿಂದೆ ಮೆಟ್ಟಿಲಿಳಿದು ಹೋದರು.