ಬೇಲಿ ಪಕ್ಕದ ಎಂಟು ಸಾಲು

ಕ್ಯಾರೆಟ್ ಅಕ್ಕ ಡಾಂಬರು ರಸ್ತೆಯಲ್ಲಿ ನಡೆಯುವಾಗಲೂ ನೆಲವನ್ನೇ ನೋಡುತ್ತಾರೆ. ಬ್ಯಾಂಕಿನ ಮೆಟ್ಟಿಲ ಸಂದಿಯಲ್ಲಾಗಲಿ, ಆಸ್ಪತ್ರೆಯ ಅಂಗಳದ ಕಲ್ಲುಹಾಸಿನ ನಡುವೆಯಾಗಲಿ, ಒಂದು ಹುಲ್ಲೆಳೆ ತಲೆಯೆತ್ತಿದ್ದು ಕಂಡರೆ ಸಾಕು, ಆಡುತ್ತಿದ್ದ ಮಾತನ್ನು ನಿಲ್ಲಿಸದೆಯೇ ಬಾಗಿ, ಬೇರುಸಮೇತ ಕಿತ್ತು, ತಮ್ಮ ಹಳೆಯ ಬೂದು ಕೋಟಿನ ಜೇಬಿಗೆ ಸೇರಿಸಿಬಿಡುತ್ತಾರೆ. ಇಪ್ಪತ್ತೆರಡು ವರ್ಷ ಕಳೆನಾಶಕ ಮುಟ್ಟದೆ ಎರಡೆಕರೆ ಹೊಲವನ್ನು ಬರಿಗೈಯಲ್ಲಿ ಹಸನುಗೊಳಿಸಿದ ದೇಹಕ್ಕೆ ಬೇರೆ ನಡಿಗೆ ಮರೆತೇ ಹೋಗಿದೆ.

ಶನಿವಾರದ ಸಂತೆಯಲ್ಲಿ ಅವರ ಕ್ಯಾರೆಟ್ಟಿಗೆ ಪಕ್ಕದ ಅಂಗಡಿಯ ಎರಡರಷ್ಟು ಬೆಲೆ. ಪಾಠ ಹೇಳಿ ಬದುಕುವ ನನಗೋ, ಚೌಕಾಸಿ ಮಾಡದಿದ್ದರೆ ಕೊಂಡ ತೃಪ್ತಿಯೇ ಇಲ್ಲ. "ಗೊಬ್ಬರದ ಚೀಲ ಕೊಳ್ಳೋದಿಲ್ಲ, ಔಷಧಿ ಹೊಡೆಯೋದಿಲ್ಲ. ಖರ್ಚೇ ಇಲ್ಲದ ಬೆಳೆಗೆ ಇಷ್ಟೊಂದು ಯಾಕಕ್ಕ?" ಎಂದು ಮೂರು ವರ್ಷ ಬಿಡದೆ ಪೀಡಿಸಿದ್ದೇನೆ. ಅವರು ಸಿಟ್ಟಾದವರಲ್ಲ.

"ಔಷಧಿ ಹೊಡೆಯೋದು ಅರ್ಧ ದಿನದ ಕೆಲಸ ಮೇಷ್ಟ್ರೇ. ಅದೇ ಹೊಲಕ್ಕೆ ನಾವು ಮೂರು ಜನ ಮಂಡಿಯೂರಿದ್ರೆ ಹನ್ನೊಂದು ದಿನ. ಕೊನೇ ಸಾಲು ಮುಗಿಸಿ ತಿರುಗಿ ನೋಡಿದ್ರೆ ಮೊದಲನೇದ್ರಲ್ಲಿ ಮತ್ತೆ ಹುಲ್ಲು" ಎಂದು ತೂಗುತ್ತಲೇ ಹೇಳುತ್ತಿದ್ದರು, ಬೆಲೆ ಮಾತ್ರ ಜಪ್ಪಯ್ಯ ಎಂದರೂ ಇಳಿಯುತ್ತಿರಲಿಲ್ಲ.

ಅವರ ಬೇಲಿಯಾಚೆಯ ಹೊಲದವನು ಔಷಧಿ ಹೊಡೆಯುತ್ತಾನೆ, ಗಾಳಿ ಅದನ್ನು ಈಚೆಗೂ ತರುತ್ತದೆ. ಆದ್ದರಿಂದ ಬೇಲಿ ಪಕ್ಕದ ಎಂಟು ಸಾಲುಗಳ ಬೆಳೆಯನ್ನು ಸಾವಯವವೆಂದು ಮಾರಕೂಡದೆಂಬುದು ಪ್ರಮಾಣಪತ್ರ ಕೊಡಲು ವರ್ಷಕ್ಕೊಮ್ಮೆ ಬಂದು ಪರೀಕ್ಷಿಸುವವರ ನಿಯಮ. ಅಕ್ಕ ಆ ಸಾಲುಗಳನ್ನೂ ಅಷ್ಟೇ ಅಕ್ಕರೆಯಿಂದ ಬೆಳೆದು, ಅವುಗಳ ಕ್ರೇಟುಗಳಿಗೆ ಕೆಂಪು ದಾರ ಕಟ್ಟಿ, ಸಾಧಾರಣ ಬೆಲೆಗೆ ಕೊಟ್ಟುಬಿಡುತ್ತಾರೆ.

ಕಳೆದ ವರ್ಷದ ಕಟಾವಿನಲ್ಲಿ ಅವರ ತಮ್ಮ ಒಂದು ಉಪಕಾರ ಮಾಡಿದ. ಒಳ್ಳೆಯ ಮನಸ್ಸಿನವನು, ಆದರೆ ಅಚ್ಚುಕಟ್ಟಿನ ಹುಚ್ಚು. ಅಕ್ಕ ಏಳುವ ಮೊದಲೇ ಕ್ಯಾರೆಟ್ಟನ್ನೆಲ್ಲ ಒಟ್ಟಿಗೆ ಸುರಿದು, ತೊಳೆದು, ಗಾತ್ರ ನೋಡಿ ವಿಂಗಡಿಸಿ, ನಲವತ್ತು ಕ್ರೇಟುಗಳಲ್ಲಿ ಹೊಸದಾಗಿ ಜೋಡಿಸಿಟ್ಟ; ಕೆಂಪು ದಾರಗಳನ್ನು ನೀಟಾಗಿ ಸುತ್ತಿ ಮೊಳೆಗೆ ನೇತುಹಾಕಿದ್ದ. ಆ ಶನಿವಾರದ ಮಾರಾಟವೇ ಮುಂದಿನ ಬೆಳೆಗೆ ಕಳೆ ಕೀಳುವ ಇಬ್ಬರು ಹೆಂಗಸರ ಕೂಲಿಯಾಗಬೇಕಿತ್ತು.

"ನಲವತ್ತರಲ್ಲಿ ಬರೀ ಆರು ಕ್ರೇಟು ಅಕ್ಕ, ಯಾರಿಗೆ ಗೊತ್ತಾಗುತ್ತೆ?" ಎಂದನಂತೆ ತಮ್ಮ.

"ಆ ಆರು ಕ್ರೇಟಿಂದು ಯಾವುದು ಅಂತ ಆರಿಸಿಕೊಡು. ಮಿಕ್ಕಿದ್ದನ್ನ ಪೂರ್ತಿ ಬೆಲೆಗೆ ಮಾರ್ತೀನಿ."

ನಲವತ್ತೂ ಅರ್ಧ ಬೆಲೆಗೆ ಇಳಿದವು. ಸಂಗತಿ ತಿಳಿಯದ ನಾನು "ಕೊನೆಗೂ ದಾರಿಗೆ ಬಂದ್ರಿ" ಎಂದು ಬೀಗುತ್ತ ಚೀಲ ಚಾಚಿದೆ. ಅಕ್ಕ ಬಂದ ಪ್ರತಿಯೊಬ್ಬರಿಗೂ ಹೇಳಿದಂತೆ ನನಗೂ ನಡೆದದ್ದನ್ನು ನಡೆದಂತೆಯೇ ಹೇಳಿದರು, ತಮ್ಮನನ್ನು ಒಂದು ಮಾತೂ ಅನ್ನದೆ. ನನಗೆ ನಾಚಿಕೆಯಾಯಿತು. ಎಂದಿನ ಬೆಲೆಯನ್ನೇ ಮುಂದೆ ಹಿಡಿದೆ. ಅವರು ಅರ್ಧ ಎಣಿಸಿ ಹಿಂದಕ್ಕೆ ತಳ್ಳಿದರು.

"ನಂಗೇ ಖಾತ್ರಿ ಇಲ್ಲದ್ದಕ್ಕೆ ನಿಮ್ಮ ಹತ್ರ ಹೇಗೆ ತಗೊಳ್ಳಲಿ ಮೇಷ್ಟ್ರೇ?"

ಮುಂದಿನ ಬೆಳೆಗೆ ಕೂಲಿಯ ಹೆಂಗಸರು ಬರಲಿಲ್ಲ. ಅಕ್ಕ, ತಮ್ಮ ಇಬ್ಬರೇ ಮಂಡಿಯೂರಿದರು. ಕಾಲುಭಾಗ ಹೊಲ ಹುಲ್ಲಿನ ಪಾಲಾಯಿತು. ಉಳಿದದ್ದು ಸಂತೆಗೆ ಬಂತು, ಎಂದಿನ ಬೆಲೆಗೇ. ನಾನು ಚೌಕಾಸಿ ಮಾಡದೆ ಕೊಂಡೆ.

ಇಂಥವರು ಎಲ್ಲ ಊರಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ಹಟಮಾರಿಗಳೆಂದು ಅವರನ್ನು ಕಂಡು ನಗುತ್ತೇವೆ, ದುಬಾರಿಯೆಂದು ದೂರುತ್ತೇವೆ. ತಮಗೆ ಖಚಿತವಿಲ್ಲದ್ದನ್ನು ಖಚಿತವೆಂದು ಹೇಳಲು ಬಾರದ ಜನ ಅವರು. ಆ ಒಂದು ಅಸಾಮರ್ಥ್ಯದ ಬೆಲೆಯ ಬಹುಪಾಲನ್ನು ತಾವೇ ತೆತ್ತು, ಮಿಕ್ಕ ಸ್ವಲ್ಪವನ್ನಷ್ಟೇ ನಮ್ಮಿಂದ ಕೇಳುತ್ತಾರೆ.